ಇಳಿಯುವ ಚುಕ್ಕಿ

ನಾನು ಬುಗುರಿಯಾಗಬೇಕಿತ್ತು.

ಚನ್ನಪಟ್ಟಣದ ಖಲಂದರ್ ಸಾಬರ ಲೇತಿಗೆ ಹಾಲೆಮರದ ಒಂದು ತುಂಡಾಗಿ ನಾನು ಸಿಕ್ಕಿಕೊಂಡ ಬೆಳಿಗ್ಗೆ, ನನಗಿಂತ ಮುಂಚೆ ಹೋದ ಅಣ್ಣಂದಿರೆಲ್ಲ ಬುಗುರಿಗಳಾಗಿ ಬುಟ್ಟಿಯಲ್ಲಿ ಕೂತಿದ್ದರು. ಕೆಂಪು, ಹಸಿರು, ಊದಾ. ಜಗತ್ತನ್ನು ಗಿರ್ರನೆ ತಿರುಗಿ ನೋಡುವ ಭಾಗ್ಯ ಅವರದು. ಇನ್ನೇನು ನನ್ನ ಸರದಿ ಎನ್ನುವಾಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು.

"ಬುಗುರಿ ಸಾಕು ಸಾಬರೇ, ಇವತ್ತಿಂದ ಹಿಡಿ ಮಾಡಿ. ಕಣ್ಣು ಕಾಣದ ಮಕ್ಕಳು ಬರೆಯೋ ಕಡ್ಡಿಗೆ. ಬಣ್ಣಗಿಣ್ಣ ಏನೂ ಬೇಡ, ಅವರಿಗೆಲ್ಲಿ ಕಾಣತ್ತೆ?"

ಸಾಬರು ಉಳಿ ಎತ್ತಿದವರು ಹಾಗೇ ನಿಂತರು. "ಅವರಿಗೆ ಕಾಣಲ್ಲ ಅಂತ ನಾನು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಕ್ಕಾಗತ್ತಾ ಸ್ವಾಮಿ?"

ಹಿಡಿ ಎಂದರೆ ದೊಡ್ಡದೇನಲ್ಲ. ಅಂಗೈಯ ಗುಳಿಯಲ್ಲಿ ಕೂರುವಂತೆ ಮೇಲೆ ಒಂದು ಗುಂಡು ತಲೆ, ತೋರುಬೆರಳು ಒರಗುವುದಕ್ಕೆ ಒಂದು ನುಣುಪು ಸೊಂಟ. ಆ ಸೊಂಟಕ್ಕೆ ಸಾಬರು ಅರಗಿನ ಕಡ್ಡಿ ಒತ್ತಿ ಹಿಡಿದು ಒಂದು ಉಂಗುರ ತೊಡಿಸಿದರು, ತಾಳೆಗರಿಯಿಂದ ಉಜ್ಜಿ ಮಿರಮಿರ ಮಾಡಿದರು. ಕೈಯಿಟ್ಟರೆ ತಿಳಿಯುವಷ್ಟೇ ಎತ್ತರದ ಹಳದಿ ಉಂಗುರ. ಆಮೇಲೆ ಇನ್ನೊಂದು ಊರಿನಲ್ಲಿ ನನ್ನ ಹೊಟ್ಟೆಗೆ ಉಕ್ಕಿನ ಮೊಳೆ ಹೊಡೆದರು. ಅಲ್ಲಿಗೆ ನಾನು ಬ್ರೈಲ್ ಬರೆಯುವ ಸ್ಟೈಲಸ್ ಆದೆ. ತಿರುಗುವ ಆಸೆ ಮರದಲ್ಲೇ ಉಳಿಯಿತು.

ರೈಲು, ಲಾರಿ, ಟಾಂಗಾ ಎಲ್ಲ ಹತ್ತಿಳಿದು ನಾನು ತಲುಪಿದ್ದು ಗದಗ ಕಡೆಯ ಒಂದು ಅಂಧ ಮಕ್ಕಳ ಶಾಲೆ. ಪೆಟ್ಟಿಗೆ ಒಡೆದವನು ಗುಮಾಸ್ತ ವೀರಭದ್ರಪ್ಪ. ಅವನು ನನ್ನನ್ನು ನೋಡಿ, "ಹಾ, ಛಲೋ ದಬ್ಬಣ" ಎಂದು ಸೀದಾ ತನ್ನ ಮೇಜಿಗೆ ಒಯ್ದ. ಕಡತದ ಕಾಗದಗಳಿಗೆ ತೂತು ಹೊಡೆದು ದಾರ ಪೋಣಿಸುವುದು ನನ್ನ ಮೊದಲ ಉದ್ಯೋಗ. ತೂತು ಬೇರೆ, ಚುಕ್ಕಿ ಬೇರೆ. ತೂತು ಹೊಡೆದರೆ ಕಾಗದ ಬರಿದಾಗುತ್ತದೆ. ಚುಕ್ಕಿ ಒತ್ತಿದರೆ ಕಾಗದ ಉಬ್ಬುತ್ತದೆ. ಈ ವ್ಯತ್ಯಾಸ ನನಗೂ ಆಗ ಗೊತ್ತಿರಲಿಲ್ಲ.

ಒಂದು ದಿನ ಕಚೇರಿಯ ಮುಂದೆ ಹಾದು ಹೋಗುತ್ತಿದ್ದ ಊರುಗೋಲಿನ ಸದ್ದು ಥಟ್ಟನೆ ನಿಂತಿತು.

"ಏ ವೀರಭದ್ರಪ್ಪ, ಏನದು ನಿನ್ನ ಕೈಯಾಗ?"

"ದಬ್ಬಣ ಐತ್ರಿ ಮಾಸ್ತರ. ಯಾಕ್ರಿ?"

"ದಬ್ಬಣ ಅಲ್ಲೋ ಮಾರಾಯಾ. ಸಪ್ಪಳ ಕೇಳಿದ್ರ ಸ್ಟೈಲಸ್ ಐತಿ. ಕಾಗದಕ್ಕ ಇಂಜೆಕ್ಷನ್ ಮಾಡಾಕತ್ತೀಯಲ್ಲ, ಇಲ್ಲಿ ಕೊಡು."

ಅವರು ಸಂಗನಬಸಪ್ಪ ಮಾಸ್ತರು, ಆ ಶಾಲೆಯ ಗಣಿತದ ಮಾಸ್ತರು. ನಾಲ್ಕು ವರ್ಷದವರಿದ್ದಾಗ ಸಿಡುಬು ಬಂದು ಕಣ್ಣು ಹೋಗಿತ್ತು. ಅವರು ನನ್ನನ್ನು ಕೈಗೆ ತೆಗೆದುಕೊಂಡವರೇ ಮೊಳೆಯ ತುದಿಯನ್ನು ಮೆಲ್ಲಗೆ ಕೆಳತುಟಿಗೆ ಮುಟ್ಟಿಸಿದರು. ನನಗೆ ಹೆದರಿಕೆಯಾಯಿತು. ಅವರಿಗೆ ಅದು ಚಿಕ್ಕಂದಿನ ರೂಢಿ. ಸ್ಟೈಲಸ್ ಚೂಪಾಗಿದೆಯೋ, ಮೊಂಡಾಗಿದೆಯೋ, ತುದಿ ಡೊಂಕಾಗಿದೆಯೋ ಎಂದು ನೋಡುವುದೇ ಹಾಗೆ. "ಕೈ ಒಮ್ಮೊಮ್ಮೆ ಸುಳ್ಳ ಹೇಳತೈತಿ, ತುಟಿ ಹೇಳಂಗಿಲ್ಲ" ಎನ್ನುತ್ತಿದ್ದರು. ಅಂದಿನಿಂದ ಅವರ ಅಂಗಿಯ ಕಿಸೆಯೇ ನನ್ನ ಮನೆಯಾಯಿತು.

ನಮ್ಮ ಬರವಣಿಗೆಯೇ ಒಂದು ತಮಾಷೆ. ಕಿಟಕಿಗಳಿರುವ ತಗಡಿನ ಪಟ್ಟಿಯ ನಡುವೆ ದಪ್ಪ ಹಾಳೆ ಸಿಕ್ಕಿಸಿ, ಒಂದೊಂದು ಕಿಟಕಿಯಲ್ಲಿ ಆರು ಚುಕ್ಕಿಗಳೊಳಗೆ ಬೇಕಾದವನ್ನು ನಾನು ಒತ್ತಬೇಕು. ಅದೂ ಬಲಗಡೆಯಿಂದ ಎಡಗಡೆಗೆ, ಎಲ್ಲ ತಿರುವುಮುರುವು. ಹಾಳೆ ತೆಗೆದು ಮಗುಚಿದರೆ ಆಗ ಎಡದಿಂದ ಬಲಕ್ಕೆ ನೆಟ್ಟಗೆ ಓದಿಸಿಕೊಳ್ಳುತ್ತದೆ. ನಾನು ಈ ಕಡೆ ಗುಳಿ ತೋಡುತ್ತೇನೆ, ಅವರು ಆ ಕಡೆ ಗುಡ್ಡ ಓದುತ್ತಾರೆ. ನಾನು ಬರೆದದ್ದನ್ನು ನಾನು ಯಾವತ್ತೂ ಓದಿದವನಲ್ಲ. ಓದುವವರ ಮುಖ ನೋಡಿ ತಿಳಿದುಕೊಂಡಿದ್ದೇನೆ, ಅಷ್ಟೇ.

ಮಾಸ್ತರು ಹುಡುಗರಾಗಿದ್ದಾಗ ಗಣಿತಕ್ಕೆ ಕಾಗದವೇ ಇರಲಿಲ್ಲವಂತೆ. ತೂತುಗಳ ಮಣೆಯಲ್ಲಿ ಸೀಸದ ಮೊಳೆಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ನೆಟ್ಟು ಕೂಡಿಸಿ ಕಳೆಯುವುದು. ಲೆಕ್ಕ ಮುಗಿದ ಮೇಲೆ ಮೊಳೆ ಕಿತ್ತರೆ ಮುಗಿಯಿತು, ಬುದ್ಧಿವಂತಿಕೆಯ ಗುರುತೂ ಉಳಿಯುವುದಿಲ್ಲ. ಐವತ್ತು ದಾಟಿದ ಮೇಲೆ ಅವರು ಯಾವುದೋ ಶಿಬಿರಕ್ಕೆ ಹೋಗಿ ಗಣಿತದ ಬ್ರೈಲ್ ಕಲಿತು ಬಂದರು. ಭಿನ್ನರಾಶಿ, ವರ್ಗಮೂಲ, ಆವರಣ, ರಸಾಯನದ ಸೂತ್ರ, ಎಲ್ಲಕ್ಕೂ ಅದರಲ್ಲಿ ಗುರುತುಗಳಿದ್ದವು. ಬಂದವರೇ ಹೈಸ್ಕೂಲಿನ ಗಣಿತ ಪುಸ್ತಕವನ್ನು ಯಾರಿಂದಲೋ ಓದಿಸಿಕೊಂಡು, ನನ್ನಿಂದ ಒತ್ತಿಸತೊಡಗಿದರು. ಟಕ್ ಟಕ್ ಟಕ್. ಎರಡು ವರ್ಷ. ಓದುವವರು ಮಾತ್ರ ಯಾರೂ ಇರಲಿಲ್ಲ. ಹತ್ತನೆಯ ತರಗತಿಯಲ್ಲಿ ನಮ್ಮ ಮಕ್ಕಳು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದಿತ್ತು. ಎಲ್ಲರೂ ತೆಗೆದುಕೊಳ್ಳುತ್ತಿದ್ದರು.

ಆಗ ಬಂದವಳು ಕಸ್ತೂರೆವ್ವ.

ಬ್ಯಾಡಗಿ ಕಡೆಯ ಹುಡುಗಿ. ಹುಟ್ಟಾ ಕುರುಡಿ. ಹತ್ತು ವರ್ಷದವಳು, ಮೈತುಂಬ ಅಜ್ಜಿಯ ಕತೆ ಹೊತ್ತುಕೊಂಡು ಬಂದಿದ್ದಳು. ಏಳು ಸಮುದ್ರದಾಚೆ ಗಿಣಿಯ ಕುತ್ತಿಗೆಯಲ್ಲಿ ಜೀವ ಇಟ್ಟ ರಕ್ಕಸ, ಮಾತಾಡುವ ಬೀಸುವ ಕಲ್ಲು. ಅವಳಿಗೆ ಎಲ್ಲ ವಸ್ತುವೂ ಮಾತಾಡುತ್ತಿತ್ತು. ಮಾಸ್ತರು ಮೊದಲ ದಿನ ನನ್ನನ್ನು ಅವಳ ಕೈಗೆ ಕೊಟ್ಟಾಗ ಸವರಿ ನೋಡಿ ನಕ್ಕಳು.

"ಇದು ಬಳಿ ಇಟ್ಕೊಂಡೈತ್ರೀ ಸರ್! ಯಾವ ಬಣ್ಣದ್ದ್ರಿ?"

"ನನ್ನ ಕೇಳತೀಯಲ್ಲ! ನಾನೂ ನಿನ್ನಂಗನವ್ವಾ."

ಆ ಹುಡುಗಿಯ ಒಂದೇ ದೋಷವೆಂದರೆ ವಾದ. ತಪ್ಪು ಎಂದರೆ ಒಪ್ಪುವವಳೇ ಅಲ್ಲ. "ಯಾಕ್ರಿ?" ಎನ್ನುವುದು ಅವಳ ಉಸಿರು. ಗುಣಾಕಾರದಲ್ಲಿ ವಾದ, ಸೊನ್ನೆಯ ಮೇಲೆ ವಾದ, ಊಟದ ಮನೆಯಲ್ಲಿ ಉಪ್ಪಿಟ್ಟಿನ ಉಪ್ಪಿಗೂ ವಾದ. ಮಾಸ್ತರು ತಲೆ ಚಚ್ಚಿಕೊಳ್ಳುತ್ತಿದ್ದರು, ಒಳಗೊಳಗೇ ಹಿಗ್ಗುತ್ತಿದ್ದರು. ಕಿಸೆಯಲ್ಲಿದ್ದ ನನಗೆ ಅವರ ಎದೆ ಕೇಳುತ್ತಿತ್ತಲ್ಲ.

ಅವಳು ಎಂಟನೆಯ ತರಗತಿಗೆ ಬಂದಾಗ ವರ್ಗಸಂಖ್ಯೆಯ ಪಾಠ ಬಂತು. ಕಣ್ಣಿದ್ದವರು ಎಕ್ಸ್ ಬರೆದು ಅದರ ಹೆಗಲ ಮೇಲೆ ಚಿಕ್ಕದೊಂದು ಎರಡು ಕೂರಿಸುತ್ತಾರೆ. ನಮ್ಮಲ್ಲಿ ಚಿಕ್ಕದು ದೊಡ್ಡದು ಇಲ್ಲ, ಮೇಲೆ ಕೆಳಗೆ ಇಲ್ಲ, ಎಲ್ಲ ಒಂದೇ ಸಾಲು. ಅದಕ್ಕೇ ಎರಡು ಚುಕ್ಕಿಯ ಒಂದು ಗುರುತು: 'ಮೇಲೆ ಹತ್ತು'. ಆಮೇಲೆ ಒಂದೇ ಒಂದು ಚುಕ್ಕಿಯ ಇನ್ನೊಂದು ಗುರುತು: 'ಕೆಳಗೆ ಇಳಿ'.

"ಯಾಕ್ರಿ ಇಳೀಬೇಕು? ಅಲ್ಲೇ ಇದ್ರ ಏನಾಗತೈತಿ?"

"ನಿಮ್ಮ ಅಜ್ಜಿ ಮೆಣಸಿನಕಾಯಿ ಒಣಾ ಹಾಕಾಕ ಮಾಳಿಗಿ ಹತ್ತತಾಳ ಹೌದಿಲ್ಲೋ?"

"ಹತ್ತತಾಳ್ರಿ."

"ಇಳೀಲಿಲ್ಲಂದ್ರ?"

"ರೊಟ್ಟಿ ಯಾರ್ ಬಡೀತಾರ್ರಿ?"

"ಹಾಂ! ಆಕಿ ಇಳೀಲಿಲ್ಲಂದ್ರ ಆಕಿ ಹಿಂದ ಒಲಿ, ಹಂಚು, ಹಿಟ್ಟಿನ ಬುಟ್ಟಿ ಎಲ್ಲಾ ಒಂದೊಂದ ಮಾಳಿಗಿ ಹತ್ತಿ ಕುಂದರತಾವ. ಇಳಿಯೋ ಚುಕ್ಕಿ ಬಿಟ್ರ ಎಕ್ಸಿನ ಮುಂದ ಬಂದದ್ದೆಲ್ಲಾ ಮ್ಯಾಲೇ ಉಳೀತೈತಿ. ಮನಿ ಹಾಳು."

ಆ ಒಂದು ಸಲ ಕಸ್ತೂರೆವ್ವ ವಾದ ಮಾಡಲಿಲ್ಲ. ಬಾಯಿ ತುಂಬ ನಕ್ಕಳು. ಅಂದಿನಿಂದ ಅವಳು ಆ ಚುಕ್ಕಿ ಮರೆತದ್ದಿಲ್ಲ. ನನ್ನಿಂದ ಒತ್ತಿಸುವಾಗ ಪ್ರತಿ ಸಲವೂ, "ಇಳಿಯವ್ವಾ ಅಜ್ಜಿ, ಸಾವಕಾಶ" ಎಂದು ತುಟಿಯೊಳಗೇ ಅನ್ನುತ್ತಿದ್ದಳು.

ಈಗ ನಾನು ಯಾರಿಗೂ ಹೇಳದ ಒಂದು ಮಾತು ಹೇಳಬೇಕು. ಮಾಸ್ತರಿಗೆ ಸಕ್ಕರೆ ಕಾಯಿಲೆ ಇತ್ತು. ಕೆಲವು ವರ್ಷಗಳಿಂದ ಅವರು ನನ್ನನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದರು. ಹಾಳೆ ಓದುವಾಗ ಒಂದೇ ಸಾಲಿನ ಮೇಲೆ ಬೆರಳು ಎರಡು ಸಲ, ಮೂರು ಸಲ ಹೋಗಿ ಬರುತ್ತಿತ್ತು. ಮಕ್ಕಳ ಹಾಳೆಗಳನ್ನು ತಾವು ಓದದೆ, "ನೀನ ಓದವ್ವಾ, ನಿನ್ನ ದನಿ ಚಂದ ಐತಿ" ಎನ್ನತೊಡಗಿದರು. ಒಂದು ಮಧ್ಯಾಹ್ನ ನಾನು ಜಾರಿ ಅವರ ತೋರುಬೆರಳಿಗೇ ಚುಚ್ಚಿಬಿಟ್ಟೆ. ರಕ್ತ ಬಂತು. ಅವರಿಗೆ ಗೊತ್ತೇ ಆಗಲಿಲ್ಲ. ಹಾಗೇ ಬರೆಯುತ್ತಾ ಹೋದರು. ಸಾಯಬೇಕು ಅನ್ನಿಸಿತು ನನಗೆ.

ಆ ಹಾಳೆ ಓದಲು ತೆಗೆದುಕೊಂಡ ಕಸ್ತೂರೆವ್ವ, "ಸರ್, ಹಾಳಿ ಹಸಿ ಐತ್ರಿ" ಎಂದಳು.

"ನೀರ ಬಿದ್ದಿರಬೇಕು."

ಅವಳು ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಓದು ಮುಂದುವರಿಸಿದಳು. ಬೆರಳೇ ಕಣ್ಣಾದವರಿಗೆ ಬೆರಳು ಹೋಗುವುದೆಂದರೆ ಏನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಕಸ್ತೂರೆವ್ವ ಹೆಡ್ಮಾಸ್ತರರ ಕೋಣೆಗೆ ಹೋಗಿ, ಹತ್ತನೆಯದರಲ್ಲಿ ನನಗೆ ಗಣಿತವೇ ಬೇಕು ಎಂದಳು. ಹೆಡ್ಮಾಸ್ತರು ದೇಶಪಾಂಡೆಯವರು ಕೆಟ್ಟವರಲ್ಲ. ಬಿದ್ದಾರೆಂದು ಹೆದರಿ, ಏಳುವ ಮೊದಲೇ ಹಿಡಿದು ಕೂರಿಸುವ ಜಾತಿಯವರು.

"ಯಾಕ ಬೇಕವ್ವಾ ಆ ತಲಿನೋವು? ಬ್ಯಾರೆ ವಿಷಯ ತಗೋ, ಆರಾಮಾಗಿ ಪಾಸಾಗ್ತಿ."

"ಆರಾಮ ಬ್ಯಾಡ್ರಿ ಸರ್, ಗಣಿತ ಬೇಕು. ಮುಂದ ಅದನ್ನ ಕಲಸಾಕಿ ಆಗಬೇಕ್ರಿ ನಾ."

ಕೊನೆಗೆ ಒಂದು ಒಪ್ಪಂದವಾಯಿತು. ಪಕ್ಕದ ಹೈಸ್ಕೂಲಿನ ಗಣಿತದ ಟೀಚರ್ ಶೈಲಜಾ ಹಿರೇಮಠ ಬಂದು ಲೆಕ್ಕ ಕೊಡುವುದು. ಕಸ್ತೂರೆವ್ವ ತನ್ನ ಕೈಯಾರೆ ಬ್ರೈಲಿನಲ್ಲಿ ಹಂತಹಂತವಾಗಿ ಬಿಡಿಸುವುದು. ಅಲ್ಲಿ ಗಣಿತದ ಬ್ರೈಲ್ ಬಲ್ಲವರು ಇನ್ನೊಬ್ಬರಿಲ್ಲದ್ದರಿಂದ ಸಂಗನಬಸಪ್ಪ ಮಾಸ್ತರೇ ಅದನ್ನು ಗಟ್ಟಿಯಾಗಿ ಓದಿ ಹೇಳುವುದು. ಸರಿ ಇದ್ದರೆ ಗಣಿತ, ಇಲ್ಲದಿದ್ದರೆ ಇಲ್ಲ. ಬರೆದವಳು ಆಮೇಲೆ ಹಾಳೆ ಮುಟ್ಟುವಂತಿಲ್ಲ.

"ಮಾಸ್ತರ, ನೀವು ನಿಮ್ಮ ಹುಡುಗಿ ಅಂತ ತಿದ್ದಿ ಓದಬಾರದು ನೋಡ್ರಿ" ಎಂದರು ಹೆಡ್ಮಾಸ್ತರು.

"ಬೆರಳಿಗೆ ಸಿಕ್ಕಿದ್ದಷ್ಟ ಬಾಯಿಗೆ ಬರತೈತ್ರಿ. ತಪ್ಪಿದ್ರ ತಪ್ಪ ಓದತೀನಿ. ಆಣಿ."

ಆ ದಿನ ಬೆಳಿಗ್ಗೆ ಮಾಸ್ತರು ನನ್ನನ್ನು ಕಿಸೆಯಿಂದ ತೆಗೆದು, ಕೆಳತುಟಿಗೆ ಮುಟ್ಟಿಸಿ ನೋಡಿ, "ಇವತ್ತು ಇದರಲೇ ಬರಿ" ಎಂದು ಕಸ್ತೂರೆವ್ವನ ಕೈಗಿಟ್ಟರು.

ಐದು ಲೆಕ್ಕ. ನಾಲ್ಕು ಸಲೀಸಾಗಿ ಹೋದವು. ಐದನೆಯದು ವರ್ಗ ಸಮೀಕರಣ: ಎಕ್ಸ್ ವರ್ಗ, ಕೂಡು ಐದು ಎಕ್ಸ್, ಕೂಡು ಆರು, ಸಮ ಸೊನ್ನೆ. ಬಿಡಿಸಿ ಎಕ್ಸ್ ಕಂಡುಹಿಡಿಯಬೇಕು. ಕಸ್ತೂರೆವ್ವ ನನ್ನನ್ನು ಹಿಡಿದಳು. ಎಕ್ಸ್, ಮೇಲೆ ಹತ್ತು, ಎರಡು, 'ಇಳಿಯವ್ವಾ ಅಜ್ಜಿ'. ಆ ಚುಕ್ಕಿ ಒತ್ತಿದ್ದು ನಾನು. ಮುಂದಿನ ಸಾಲಿನಲ್ಲಿ ಐದು ಎಕ್ಸನ್ನು ಎರಡು ಎಕ್ಸ್, ಮೂರು ಎಕ್ಸ್ ಎಂದು ಒಡೆದಳು. ಅಲ್ಲೂ ಹತ್ತಿದಳು, ಅಲ್ಲೂ ಇಳಿದಳು. ಅಲ್ಲೂ ಒತ್ತಿದ್ದು ನಾನೇ.

ಹಾಳೆ ಮಾಸ್ತರ ಮುಂದೆ ಬಂತು. ನಾಲ್ಕು ಲೆಕ್ಕ ಓದಿದರು. ಶೈಲಜಾ ಟೀಚರ್ "ಸರಿ, ಸರಿ" ಎನ್ನುತ್ತಾ ಬಂದರು. ಐದನೆಯದು.

"ಎಕ್ಸ್. ಮ್ಯಾಲೆ ಹತ್ತು. ಎರಡು. ಕೂಡು ಐದು..." ಮಾಸ್ತರು ನಿಂತರು. ಬೆರಳು ಹಿಂದಕ್ಕೆ ಹೋಯಿತು, ಮತ್ತೆ ಬಂತು. ಎರಡು ಮೂರು ಚುಕ್ಕಿ ಒಟ್ಟಿಗಿದ್ದರೆ ಆ ಬೆರಳಿಗೆ ಇನ್ನೂ ತಿಳಿಯುತ್ತಿತ್ತು. ಒಂಟಿ ಚುಕ್ಕಿ ತಿಳಿಯುತ್ತಿರಲಿಲ್ಲ. ಅವರ ದನಿ ಸಣ್ಣದಾಯಿತು. "ಇಳಿದಿಲ್ರಿ."

"ಅಂದ್ರ ಐದು ಎಕ್ಸ್, ಆರು, ಎಲ್ಲಾ ಎಕ್ಸಿನ ಮ್ಯಾಲೇ ಐತೇನ್ರಿ? ಹಂಗಿದ್ರ ಅದಕ್ಕ ಅರ್ಥ ಇಲ್ಲಲ್ರಿ."

"ಬರದದ್ದು ಹಂಗ ಐತ್ರಿ ಮೇಡಂ."

ಎರಡನೆಯ ಸಾಲು. ಮತ್ತೆ ಅದೇ. ಮೂರನೆಯ ಸಾಲಿನಿಂದ ಎಲ್ಲ ಸರಿ. ಉತ್ತರ ಋಣ ಎರಡು, ಋಣ ಮೂರು. ಅದೂ ಸರಿ.

ಶೈಲಜಾ ಟೀಚರ್ ಪೆನ್ನು ಕೆಳಗಿಟ್ಟರು. "ಹಂತ ತಪ್ಪು, ಉತ್ತರ ಖರೇ. ಇದು ಹೆಂಗ್ರಿ? ನಾಕು ಲೆಕ್ಕಕ್ಕೂ ಇದಾ ಅನುಮಾನ ಬರತೈತಿ. ಯಾರರ ಬಾಯಿಪಾಠ ಮಾಡಿಸ್ಯಾರೇನು?"

"ನಾ ಮೊದಲ ಹೇಳಿದ್ನಲ್ಲ" ಎಂದರು ಹೆಡ್ಮಾಸ್ತರು, ಬೇಸರದಿಂದಲೇ. "ಕಸ್ತೂರಿ, ನೀ ಏನಂತಿ?"

ನಾನು ಇನ್ನೂ ಅವಳ ಮುಷ್ಟಿಯಲ್ಲಿದ್ದೆ. ಅವಳ ಹೆಬ್ಬೆರಳ ಉಗುರು ನನ್ನ ಉಂಗುರವನ್ನು ಕೀಳುವ ಹಾಗೆ ಒತ್ತುತ್ತಿತ್ತು. ಅವಳು ಇಳಿದಿದ್ದಳು. ಅವಳಿಗೆ ಗೊತ್ತು, ನನಗೆ ಗೊತ್ತು. 'ಇನ್ನೊಮ್ಮೆ ನೋಡ್ರಿ ಸರ್' ಎಂದರೆ ಸಾಕಿತ್ತು. ಆದರೆ ಹಾಗಂದರೆ, ಮೂವತ್ತು ವರ್ಷ ಓದಿಸಿದ ಆ ಬೆರಳು ಸತ್ತಿದೆ ಎಂದು ಎಲ್ಲರ ಮುಂದೆ ಅಂದ ಹಾಗೆ. ಬಾಯಿಯಿಲ್ಲದ ನನ್ನ ಹುಟ್ಟನ್ನು ಅಂದು ಶಪಿಸಿದಷ್ಟು ಯಾವತ್ತೂ ಶಪಿಸಿಲ್ಲ.

"ಮರತೇನ್ರಿ" ಎಂದಳು ಕಸ್ತೂರೆವ್ವ. "ತಪ್ಪು ನಂದ."

ಹೆಡ್ಮಾಸ್ತರು ಉಸಿರು ಬಿಟ್ಟು ಕಾಗದ ಜೋಡಿಸತೊಡಗಿದರು. ಮಾಸ್ತರು ಮಾತ್ರ ಅಲುಗಲಿಲ್ಲ.

"ಏನಂದಿ?"

"ತಪ್ಪು ನಂದರಿ ಸರ್. ಇಳಿಯೋದ ಮರತೆ."

"ಐದು ವರ್ಷ ಆತು ನಾ ನಿನ್ನ ಬಲ್ಲೆ" ಎಂದರು ಮಾಸ್ತರು ಮೆಲ್ಲಗೆ. "ಉಪ್ಪಿಟ್ಟಿನ ಉಪ್ಪಿಗೂ ಜಗಳಾ ತಗದಾಕಿ ನೀ. ಒಂದ ದಿನ, ಒಂದ ಸಲ, ತಪ್ಪು ನಂದು ಅಂದಾಕಿ ಅಲ್ಲ. ಇವತ್ಯಾಕ ಅಂದಿ?"

ಅವಳ ಮೌನವನ್ನು ಮಾಸ್ತರು ಓದಿದರು. ಅದನ್ನು ಓದಲು ಬೆರಳು ಬೇಕಿರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದರು.

"ಮಾಸ್ತರ, ಏನ್ ಮಾಡ್ಲಿಕ್ಕತ್ತೀರಿ?" ಎಂದು ಹೆಡ್ಮಾಸ್ತರು ಎದ್ದೇ ನಿಂತರು.

ಎಷ್ಟೋ ವರ್ಷ ನನ್ನ ತುದಿಯನ್ನು ಪರೀಕ್ಷಿಸಿದ ಆ ಕೆಳತುಟಿಯನ್ನು ಐದನೆಯ ಲೆಕ್ಕದ ಮೇಲೆ ಇಟ್ಟು, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದರು. ಎಕ್ಸ್. ಹತ್ತು. ಎರಡು. ತುಟಿ ನಿಂತಿತು.

"ಐತಿ" ಎಂದರು.

ಕೆಳಗಿನ ಸಾಲು. ಮತ್ತೆ ನಿಂತಿತು. "ಇಲ್ಲೂ ಐತಿ."

ಹಾಳೆ ಇಳಿಸಿ, ಶೈಲಜಾ ಟೀಚರ್ ಕೂತಿದ್ದ ಕಡೆಗೆ ತಿರುಗಿದರು. ಮುಖದಲ್ಲಿ ಸಣ್ಣ ನಗು, ಗಡ್ಡದ ಮೇಲೆ ನೀರು. "ಇಳದಾಳ್ರಿ ಮೇಡಂ. ಎರಡೂ ಸಾಲಿನ್ಯಾಗ ಹುಡುಗಿ ಇಳದಾಳ. ಮಾಳಿಗಿ ಮ್ಯಾಲ ಉಳದಾಂವ ನಾನು. ನನ್ನ ಬೆರಳಾಗ ಜೀವ ಇಲ್ರಿ, ಬಾಳ ದಿನಾ ಆತು. ಯಾರಿಗೂ ಹೇಳಿದ್ದಿಲ್ಲ. ಹೇಳಿದ್ರ ಮನೀಗೆ ಕಳಸತಾರ ಅಂತ."

ಟೀಚರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಅವರು ತೋರಿಸಿದ ಜಾಗದಲ್ಲಿ ಕಣ್ಣಿಟ್ಟರು. "ಹೌದ್ರಿ. ಇಲ್ಲೊಂದು ಚುಕ್ಕಿ ಕಾಣತೈತಿ. ಒಂದ."

ಗಣಿತ ಬೇಕೆಂದು ಅವಳು ಕೊಟ್ಟಿದ್ದ ಅರ್ಜಿಯ ಮೇಲೆ ಹೆಡ್ಮಾಸ್ತರು ಸಹಿ ಹಾಕಿದ ಸದ್ದು ಕೇಳಿಸಿತು. "ಮಾಸ್ತರ, ಯಾರೂ ನಿಮ್ಮನ್ನ ಎಲ್ಲಿಗೂ ಕಳಸೂದಿಲ್ಲ. ಕಲಸೂದು ಬಾಯೀಲೆ, ಓದೂದು ಹುಡುಗ್ರು ಓದ್ತಾರ. ಹಂಗ ನಡೀಲಿ."

ಹೊರಗೆ ಬಂದ ಕೂಡಲೇ ಕಸ್ತೂರೆವ್ವ ಅತ್ತು, ಅಳುತ್ತಲೇ ಜಗಳಕ್ಕೆ ನಿಂತಳು. "ಯಾಕ್ ಹೇಳಿದ್ರಿ ಸರ್ ನೀವು? ನಾ ಒಪ್ಪಿಕೊಂಡಿದ್ನಲ್ರಿ!"

"ಹಾಂ, ಈಗ ನೋಡು, ನಮ್ಮ ಕಸ್ತೂರಿ ಬಂದ್ಳು" ಎಂದು ಮಾಸ್ತರು ನಕ್ಕರು. ಅವಳು ನನ್ನನ್ನು ಅವರಿಗೆ ಕೊಡಲು ಕೈ ಚಾಚಿದಳು. ಅವರು ಅವಳ ಬೆರಳುಗಳನ್ನು ನನ್ನ ಸುತ್ತ ಮಡಚಿ, ಮುಷ್ಟಿ ಮಾಡಿ ತಿರುಗಿ ಕಳಿಸಿದರು. ಮತ್ತೆ ನಾನು ಆ ಕಿಸೆಗೆ ಹೋಗಲಿಲ್ಲ.

ಆಮೇಲಿನದು ಉದ್ದದ ದಾರಿ, ಆದರೆ ಸಣ್ಣ ಕತೆ. ಕಸ್ತೂರೆವ್ವ ಗಣಿತದಲ್ಲಿ ಪಾಸಾದಳು, ಕಾಲೇಜಿಗೆ ಹೋದಳು, ಅಲ್ಲಿಯವರ ಜೊತೆಯೆಲ್ಲ ವಾದ ಮಾಡಿದಳು. ಪುಸ್ತಕ ಇಲ್ಲದಲ್ಲಿ ನಾವೇ ಪುಸ್ತಕ ಮಾಡಿಕೊಂಡೆವು, ಅವಳು ಓದಿಸಿಕೊಂಡಳು, ನಾನು ಒತ್ತಿದೆ. ಕಲನಶಾಸ್ತ್ರದ ಹಾವಿನಂಥ ಗುರುತನ್ನೂ ಒತ್ತಿದ್ದೇನೆ, ಅನಂತವನ್ನೂ ಒತ್ತಿದ್ದೇನೆ. ನಾನು ಒತ್ತಿದ ಚುಕ್ಕಿಗಳನ್ನು ಸಾಲಾಗಿ ಇಟ್ಟರೆ ಚನ್ನಪಟ್ಟಣದ ತನಕ ಹೋದೀತು. ಮಾಸ್ತರು ತೀರಿಕೊಂಡ ಸುದ್ದಿ ಬಂದ ದಿನ ಮಾತ್ರ ಅವಳು ಒಂದಕ್ಷರವೂ ಬರೆಯಲಿಲ್ಲ, ನನ್ನನ್ನು ಹಿಡಿದುಕೊಂಡು ಕೂತಿದ್ದಳು.

ಈಗ ಅವಳು ಅದೇ ಶಾಲೆಯ ಗಣಿತದ ಟೀಚರ್. ಆರು ಗುಂಡಿಯ ಬರೆಯುವ ಯಂತ್ರ ಬಂದಿದೆ, ಗರಗರ ಎಂದು ಪುಟಗಟ್ಟಲೆ ಚುಕ್ಕಿ ಉಗುಳುವ ಮುದ್ರಣ ಯಂತ್ರವೂ ಬಂದಿದೆ. ನನ್ನ ಮೊಳೆ ಸವೆದು ಮೊಂಡಾಗಿದೆ. ನಾನು ಅವಳ ಮೇಜಿನ ಖಾನೆಯಲ್ಲಿ, ಅವಳ ಅಜ್ಜಿಯ ಎಲೆಅಡಿಕೆ ಸಂಚಿಯೊಳಗೆ ಇರುತ್ತೇನೆ. ಸುಣ್ಣದ ವಾಸನೆ ಇನ್ನೂ ಇದೆ. ಮೊನ್ನೆ ಮಬ್ಬುಗಣ್ಣಿನ ಒಂದು ಹುಡುಗಿಗೆ ನನ್ನನ್ನು ತೋರಿಸಿ, "ಇದರ ಬಳಿ ಯಾವ ಬಣ್ಣದ್ದು ನೋಡವ್ವಾ" ಎಂದು ಕೇಳಿದಳು. ಹುಡುಗಿ ನನ್ನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, "ಬಣ್ಣಾನ ಇಲ್ರಿ ಟೀಚರ್, ಎಲ್ಲಾ ಸವದೈತಿ" ಎಂದಿತು. ಕಸ್ತೂರೆವ್ವ ನಕ್ಕಳು. "ಹಂಗಾದ್ರ ನಮ್ಮ ಸರ್ ಬೆರಳಾಗ ಒಂದೀಟು, ನನ್ನ ಬೆರಳಾಗ ಒಂದೀಟು ಹೋಗೇತಿ ಬಿಡು."

ಬುಗುರಿಯಾಗಿದ್ದರೆ ನಾನು ಒಂದು ಮಳೆಗಾಲ ತಿರುಗಿ ಯಾವುದೋ ಚರಂಡಿ ಸೇರುತ್ತಿದ್ದೆ. ಅದಕ್ಕೆ ಹೊಟ್ಟೆಕಿಚ್ಚೇನಿಲ್ಲ, ಅಣ್ಣಂದಿರು ಸುಖವಾಗಿ ತಿರುಗಿರಲಿ. ನಾನು ಇದ್ದಲ್ಲೇ ಒತ್ತಿದವನು. ಖಲಂದರ್ ಸಾಬರು ಯಾರಿಗೂ ಕಾಣದ ಕಡೆ ಬಣ್ಣ ಹಾಕಿದರಲ್ಲ, ಅದು ಯಾಕೆಂದು ಅರ್ಥವಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಪ್ರತಿ ವರ್ಷ ವರ್ಗಸಂಖ್ಯೆಯ ಪಾಠ ಬಂದಾಗ ಕಸ್ತೂರೆವ್ವ ಸಂಚಿ ತೆಗೆಯುತ್ತಾಳೆ. ಅದರಲ್ಲಿ ನನ್ನ ಜೊತೆಗೆ ಮಡಚಿಟ್ಟ ಆ ಹಳೆಯ ಹಾಳೆಯೂ ಇದೆ. ಮೇಲಿನ ಚುಕ್ಕಿಗಳು ಮಕ್ಕಳ ಕೈಯಾಡಿ ತಗ್ಗಾಗಿವೆ. ಬೆಂಚಿನಿಂದ ಬೆಂಚಿಗೆ ಹಾಳೆ ಹೋಗುತ್ತದೆ. ಇಳಿಯುವ ಚುಕ್ಕಿ ಎಲ್ಲಿದೆ ಎಂದು ಮಕ್ಕಳು ಬೆರಳಾಡಿಸಿ ಹುಡುಕುತ್ತಾರೆ. "ಸಿಗವಲ್ದು ಟೀಚರ್" ಎನ್ನುತ್ತಾರೆ.

"ತುಟಿಗೆ ಹಚ್ಚಿ ನೋಡ್ರಿ."

ಮೊದಲು ಎಲ್ಲರೂ ಕಿಸಿಕಿಸಿ ನಗುತ್ತಾರೆ. ಈ ವರ್ಷ ಕಡೆಯ ಬೆಂಚಿನ ಒಂದು ಪುಟ್ಟ ಹುಡುಗಿ ನಗಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ, ಕೆಳತುಟಿ ಮುಟ್ಟಿಸಿ, ಎಡದಿಂದ ಬಲಕ್ಕೆ ಸರಿಸುತ್ತಾ ಬಂದಳು.

"ಇಲ್ಲೇ ಐತ್ರಿ ಟೀಚರ್" ಎಂದಳು. "ಇಳದಾಳ."